ಸಯನೋಟೈಪ್‌ನಲ್ಲಿ ನೀಲಿ ಕೆಟ್ಟಾಗ: ಕೊಡಗಿನ ಮನೆಗೊಂದು ದೋಷ ನಿವಾರಣೆ ಕೈಪಿಡಿ

ಮಡಿಕೇರಿ ಸಮೀಪದ ನಮ್ಮ ಮನೆಯಲ್ಲಿ ಸಯನೋಟೈಪ್ ಮುದ್ರಣ (ದ್ರಾವಣ ಬಳಿದ ಕಾಗದದ ಮೇಲೆ ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ವಿಧಾನ) ಆರಂಭಿಸಿದ ಮೊದಲ ಮಳೆಗಾಲದಲ್ಲಿ ಒಂದೇ ವಾರಕ್ಕೆ ನನ್ನ ಹನ್ನೊಂದು ಹಾಳೆಗಳು ಹಾಳಾದವು. ಕೆಲವು ತೊಳೆಯುವಾಗ ಪೂರ್ತಿ ಬಿಳುಚಿಕೊಂಡವು. ಕೆಲವು ಬಿಸಿಲು ಕಾಣುವ ಮೊದಲೇ ಕಪ್ಪುಹಸಿರಾಗಿದ್ದವು. ಇನ್ನು ಕೆಲವದರಲ್ಲಿ ತೆರ್ಮೆ ಸೊಪ್ಪಿನ (ಜರೀಗಿಡದ) ಗರಿ ಚೆನ್ನಾಗಿಯೇ ಮೂಡಿದ್ದರೂ ಬಿಳಿಯಾಗಿ ಉಳಿಯಬೇಕಾದ ಜಾಗವೆಲ್ಲ ತಿಳಿನೀಲಿಯಾಗಿತ್ತು. ಎಲ್ಲವೂ ಒಂದೇ ದೋಷವೆಂದು ಭಾವಿಸಿ ಕಾಗದ, ದ್ರಾವಣ, ಬ್ರಷ್ ಮೂರನ್ನೂ ಒಟ್ಟಿಗೆ ಬದಲಿಸಿದೆ. ಹಣ ಖರ್ಚಾಯಿತೇ ಹೊರತು ಫಲಿತಾಂಶ ಸುಧಾರಿಸಲಿಲ್ಲ. ಅವು ಮೂರು ಬೇರೆ ಬೇರೆ ದೋಷಗಳು, ಅವುಗಳ ಕಾರಣಗಳೂ ಬೇರೆ ಬೇರೆ ಎಂಬುದು ತಿಳಿಯಲು ಮುಂದಿನ ಬೇಸಿಗೆಯವರೆಗೆ ಕಾಯಬೇಕಾಯಿತು.

ಈ ಕೈಪಿಡಿ ಆ ಪತ್ತೆಗೆಲಸದ ಕ್ರಮವನ್ನು ವಿವರಿಸುತ್ತದೆ. ಮುದ್ರಣದ ಪ್ರಾಥಮಿಕ ವಿಧಾನ ಓದುಗರಿಗೆ ತಿಳಿದಿದೆ ಎಂದು ಭಾವಿಸಿಕೊಂಡಿದ್ದೇನೆ. ನನ್ನ ಅನುಭವದಲ್ಲಿ ಕೊಡಗಿನಲ್ಲಿ ರಾಸಾಯನಿಕಗಳು ತಾವಾಗಿ ಕೆಡುವುದು ಕಡಿಮೆ; ಕೆಡಿಸುವುದು ಇಲ್ಲಿಯ ಗಾಳಿಯ ತೇವ, ತೋಟದ ನೆರಳು ಮತ್ತು ತೊಳೆಯುವ ನೀರು. ಆದ್ದರಿಂದ ಹೊಸ ಬಾಟಲಿ ಕೊಳ್ಳುವ ಮೊದಲು ಈ ಮೂರನ್ನು ಪರೀಕ್ಷಿಸಬೇಕು.

ನೀಲಿ ಹುಟ್ಟುವ ಬಗೆ

ಈ ವಿಧಾನವನ್ನು 1842ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದರು. ಮರುವರ್ಷವೇ ಅನ್ನಾ ಅಟ್ಕಿನ್ಸ್ ಕಡಲಪಾಚಿಗಳನ್ನು ಕಾಗದದ ಮೇಲಿಟ್ಟು ನೇರವಾಗಿ ನೀಲಿ ಮುದ್ರಣಗಳನ್ನು ತೆಗೆಯತೊಡಗಿದರು. ಅಂದಿನಿಂದ ಇಂದಿನವರೆಗೆ ರಸಾಯನ ಹೆಚ್ಚು ಬದಲಾಗಿಲ್ಲ. ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ ‘ಅ’ ದ್ರಾವಣ. ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ ‘ಆ’ ದ್ರಾವಣ. ಬಳಿಯುವ ಹೊತ್ತಿಗೆ ಎರಡನ್ನೂ ಸಮ ಪ್ರಮಾಣದಲ್ಲಿ ಬೆರೆಸಲಾಗುತ್ತದೆ.

ಅತಿನೇರಳೆ ಕಿರಣ ಬಿದ್ದಾಗ ‘ಅ’ದಲ್ಲಿರುವ ಫೆರಿಕ್ ಕಬ್ಬಿಣ ಫೆರಸ್ ರೂಪಕ್ಕೆ ಇಳಿಯುತ್ತದೆ, ಆ ಫೆರಸ್ ಕಬ್ಬಿಣ ‘ಆ’ದೊಂದಿಗೆ ಸೇರಿ ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿಯಾಗಿ ಕಾಗದದ ನಾರಿನಲ್ಲಿ ನಿಲ್ಲುತ್ತದೆ. ಬೆಳಕು ಬೀಳದ ಕಡೆ ಎರಡು ಲವಣಗಳೂ ಕರಗುವ ಸ್ಥಿತಿಯಲ್ಲೇ ಉಳಿದು ತೊಳೆದಾಗ ಹೊರಟುಹೋಗುತ್ತವೆ. ದೋಷ ಹುಡುಕುವವರಿಗೆ ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಬೆಳಕಿಲ್ಲದೆ ಫೆರಸ್ ಕಬ್ಬಿಣ ಎಲ್ಲಿಂದಲಾದರೂ ಬಂದರೆ ಬೇಡದ ಕಡೆ ನೀಲಿ ಹುಟ್ಟುತ್ತದೆ. ಅತಿನೇರಳೆ ಕಿರಣ ಕಾಗದಕ್ಕೆ ತಲುಪದಿದ್ದರೆ ಬೇಕಾದ ಕಡೆ ನೀಲಿ ಹುಟ್ಟುವುದಿಲ್ಲ. ಪ್ರಷ್ಯನ್ ನೀಲಿ ಆಮ್ಲಕ್ಕೆ ಜಗ್ಗುವುದಿಲ್ಲ, ಆದರೆ ಕ್ಷಾರ ತಗುಲಿದರೆ ಒಡೆದುಹೋಗುತ್ತದೆ. ಆದ್ದರಿಂದ ಹುಟ್ಟಿದ ನೀಲಿಯನ್ನೂ ಸೋಡಾ, ಸುಣ್ಣ, ಸಾಬೂನು ಅಳಿಸಬಲ್ಲವು.

ಪ್ರತಿ ಹಾಳೆಯ ಮೇಲೂ ಮೂರು ಸಾಕ್ಷಿಗಳು

ಹಾಳೆ ಕೆಟ್ಟ ಮೇಲೆ ಕಾರಣ ಊಹಿಸುವುದು ಕಷ್ಟ. ಹಾಳೆಯೇ ಕಾರಣ ಹೇಳುವಂತೆ ಮೊದಲೇ ಏರ್ಪಾಡು ಮಾಡಿಕೊಂಡರೆ ಪತ್ತೆ ಸುಲಭವಾಗುತ್ತದೆ. ಈಗ ನಾನು ಬಳಿಯುವ ಪ್ರತಿ ಹಾಳೆಯಲ್ಲಿ ಮೂರು ಜಾಗಗಳನ್ನು ಮೀಸಲಿಡುತ್ತೇನೆ. ಒಂದು ಮೂಲೆಯ ಮೇಲೆ ಎಲೆ, ನೆಗೆಟಿವ್ ಏನೂ ಇರುವುದಿಲ್ಲ. ಅದು ಪೂರ್ತಿ ಬಿಸಿಲು ತಿನ್ನುವ ಜಾಗ. ಇನ್ನೊಂದು ಮೂಲೆಯನ್ನು ಕಪ್ಪು ರಟ್ಟಿನ ಸಣ್ಣ ತುಂಡಿನಿಂದ ಮುಚ್ಚುತ್ತೇನೆ. ಅಲ್ಲಿಗೆ ಬಿಸಿಲು ತಲುಪುವುದೇ ಇಲ್ಲ. ರಟ್ಟಿನ ಬದಲು ನಾಣ್ಯ ಇಡಬಾರದು, ತೇವದ ಲೇಪನಕ್ಕೆ ಲೋಹ ತಗುಲುವುದು ಒಳ್ಳೆಯದಲ್ಲ. ಮೂರನೆಯದು ದ್ರಾವಣವನ್ನೇ ಬಳಿಯದೆ ಬಿಟ್ಟ ಅಂಚು.

ತೊಳೆದು ಒಣಗಿಸಿದ ಮೇಲೆ ಈ ಮೂರನ್ನೂ ಒಟ್ಟಿಗೆ ನೋಡಬೇಕು. ತೆರೆದ ಮೂಲೆಯೇ ಪೇಲವವಾಗಿದ್ದರೆ ದೋಷ ಬೆಳಕಿನಲ್ಲಿದೆ, ಲೇಪನದಲ್ಲಿದೆ ಅಥವಾ ನೀರಿನ ಕ್ಷಾರದಲ್ಲಿದೆ. ಎಲೆಯನ್ನಾಗಲೀ ನೆಗೆಟಿವನ್ನಾಗಲೀ ದೂರಬೇಕಾಗಿಲ್ಲ. ತೆರೆದ ಮೂಲೆ ಗಾಢನೀಲಿಯಾಗಿ, ರಟ್ಟಿನ ಕೆಳಗಿನ ಜಾಗ ಅಚ್ಚ ಬಿಳಿಯಾಗಿ, ಚಿತ್ರದ ಬಿಳಿ ಮಾತ್ರ ನೀಲಿ ಬೆರೆತಂತಿದ್ದರೆ ನೆಗೆಟಿವ್ ಸಾಕಷ್ಟು ದಟ್ಟವಾಗಿಲ್ಲ ಎಂದರ್ಥ. ಲೇಸರ್ ಪ್ರಿಂಟರಿನಿಂದ ಪಾರದರ್ಶಕ ಹಾಳೆಯ ಮೇಲೆ ತೆಗೆದ ನೆಗೆಟಿವ್‌ಗಳಲ್ಲಿ ಇದು ಸಾಮಾನ್ಯ. ಒಂದೇ ಚಿತ್ರದ ಎರಡು ಪ್ರತಿಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿದರೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ರಟ್ಟಿನ ಕೆಳಗೂ ನೀಲಿಯಿದ್ದರೆ ಬಿಸಿಲಿಗೂ ದೋಷಕ್ಕೂ ಸಂಬಂಧವಿಲ್ಲ. ಹಾಳೆ ಬಿಸಿಲಿಗೆ ಹೋಗುವ ಮೊದಲೇ ಕೆಟ್ಟಿತ್ತು ಅಥವಾ ನೀರಿನಲ್ಲಿ ಕೆಟ್ಟಿತು. ದ್ರಾವಣ ಬಳಿಯದ ಅಂಚಿಗೂ ನೀಲಿ ಹತ್ತಿದ್ದರೆ ನೀರನ್ನೇ ಮೊದಲು ಶಂಕಿಸಬೇಕು.

ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಹಾಳೆಯ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಆಕಾಶದ ಸ್ಥಿತಿ, ಬಿಸಿಲಿನಲ್ಲಿಟ್ಟ ನಿಮಿಷಗಳು, ನೀರಿನ ಮೂಲ ಇಷ್ಟನ್ನು ಸೀಸದಕಡ್ಡಿಯಿಂದ ಬರೆದಿಡಿ. ಪೆನ್ನಿನ ಶಾಯಿ ತೊಳೆಯುವಾಗ ಹರಡುತ್ತದೆ.

ಬಿಸಿಲು ಕಾಣುವ ಮೊದಲೇ ಬಣ್ಣ ತಿರುಗಿದರೆ

ಸರಿಯಾಗಿ ಬಳಿದು ಒಣಗಿಸಿದ ಹಾಳೆ ಎಳೆನಿಂಬೆಯ ಸಿಪ್ಪೆಯಂತೆ ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಅದು ಕಡುಹಸಿರಿಗೆ, ಬೂದಿಗೆ ಅಥವಾ ನೀಲಿಗೆ ತಿರುಗಿದ್ದರೆ ಕತ್ತಲಲ್ಲೇ ನೀಲಿ ಹುಟ್ಟಿದೆ. ಮೊದಲು ದ್ರಾವಣ ಪರೀಕ್ಷಿಸಿ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ‘ಅ’ ಮತ್ತು ‘ಆ’ದಿಂದ ಐದೈದು ಹನಿ ಬೆರೆಸಿ, ಮಬ್ಬು ಬೆಳಕಿನಲ್ಲಿ ನೋಡಿ. ಬೆರೆಸಿದ ಕೂಡಲೇ ನೀಲಿ ಕದಡಿದರೆ ‘ಅ’ ದ್ರಾವಣಕ್ಕೆ ಬೆಳಕು ತಾಗಿದೆ ಅಥವಾ ಕಲ್ಮಷ ಸೇರಿದೆ. ಅದನ್ನು ಬಿಟ್ಟು ಹೊಸದನ್ನು ಮಾಡುವುದೇ ಸರಿ. ತಿಳಿಹಸಿರಾಗಿಯೇ ಉಳಿದರೆ ದ್ರಾವಣ ಚೆನ್ನಾಗಿದೆ, ದೋಷ ಒಣಗಿಸುವುದರಲ್ಲಿದೆ.

ಕೊಡಗಿನಲ್ಲಿ ಹತ್ತರಲ್ಲಿ ಎಂಟು ಬಾರಿ ಇದು ಎರಡನೆಯದೇ ಆಗಿರುತ್ತದೆ ಎಂಬುದು ನನ್ನ ಅನುಭವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಿನಲ್ಲಿ, ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಮನೆಯಲ್ಲಿ ಬಳಿದ ಕಾಗದ ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ. ಒದ್ದೆಯಾಗಿರುವಷ್ಟು ಹೊತ್ತೂ ಲವಣಗಳಿಗೆ ಕಾಗದದ ಅಂಟಿನೊಂದಿಗೂ ಕಲ್ಮಷದೊಂದಿಗೂ ಬೆರೆಯಲು ಅವಕಾಶವಿರುತ್ತದೆ, ಕತ್ತಲಲ್ಲೇ ಬಣ್ಣ ತಿರುಗುತ್ತದೆ. ರಾತ್ರಿ ಬಳಿದು ಬೆಳಿಗ್ಗೆ ಬಳಸುವ ಅಭ್ಯಾಸ ಡಿಸೆಂಬರಿನಲ್ಲಿ ನಡೆಯುತ್ತದೆ; ಜುಲೈನಲ್ಲಿ ನಡೆಯುವುದಿಲ್ಲ. ಮಳೆಗಾಲದಲ್ಲಿ ಬಳಿದ ಅರ್ಧ ಗಂಟೆಯೊಳಗೆ ಹಾಳೆ ಮುಟ್ಟಲು ಒಣಗಿರಬೇಕು, ಅದೇ ದಿನ ಬಳಕೆಯಾಗಬೇಕು. ಕತ್ತಲ ಕೋಣೆಯಲ್ಲಿ ಫ್ಯಾನಿನ ಗಾಳಿ, ಅದೂ ಸಾಲದಿದ್ದರೆ ಹೇರ್ ಡ್ರೈಯರಿನ ತಣ್ಣನೆಯ ಗಾಳಿ ಬಳಸಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಿಸುವಂತೆ ಹಾಳೆಗಳನ್ನೂ ಒಣಗಿಸಲು ನಾನು ಪ್ರಯತ್ನಿಸಿದ್ದೆ. ಒಣಗುವುದೇನೋ ಬೇಗ, ಆದರೆ ಹೆಚ್ಚಿನ ಬಿಸಿಯೂ ಲೇಪನದ ಬಣ್ಣ ತಿರುಗಿಸುತ್ತದೆ. ಅದನ್ನು ಯಾರಿಗೂ ಸೂಚಿಸಲಾರೆ.

ಒಣಗಿದ ಹಾಳೆಯನ್ನು ಕೆಲವು ಗಂಟೆಗಳಾದರೂ ಇಡಬೇಕಾದಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ, ಕಪ್ಪು ಕವರಿನಲ್ಲಿ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಬೇಕು. ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಸಿಕ್ಕರೆ ಒಳ್ಳೆಯದು, ತೇವ ಹೀರಿ ಮುಗಿಸಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇದೇ ತೇವ ಪುಡಿಯನ್ನೂ ಬಿಡುವುದಿಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್ ಗಾಳಿಯ ನೀರನ್ನು ಎಳೆದುಕೊಳ್ಳುವ ವಸ್ತು. ಮಳೆಗಾಲದಲ್ಲಿ ಬಾಟಲಿಯನ್ನು ನಾಲ್ಕು ಬಾರಿ ತೆರೆದು ಮುಚ್ಚಿದರೆ ಸಾಕು, ಪುಡಿ ಹೆಪ್ಪುಗಟ್ಟಿ ಕೊನೆಗೆ ಜೋನಿಬೆಲ್ಲದಂತಾಗುತ್ತದೆ. ಆಮೇಲೆ ತಕ್ಕಡಿಯಲ್ಲಿ 25 ಗ್ರಾಂ ತೂಗಿದರೂ ಅದರಲ್ಲಿ ಒಂದು ಪಾಲು ನೀರೇ ಇರುತ್ತದೆ, ದ್ರಾವಣ ತೆಳುವಾಗುತ್ತದೆ, ನೀಲಿ ಏಕೆ ಗಾಢವಾಗುತ್ತಿಲ್ಲವೆಂದು ಬಿಸಿಲನ್ನು ದೂರುತ್ತೇವೆ. ಒಣ ಹವೆಯ ದಿನ ಬಾಟಲಿ ತೆರೆದು, ಇರುವ ಪುಡಿಯನ್ನೆಲ್ಲ ಒಂದೇ ಸಲ ತೂಗಿ ದ್ರಾವಣ ಮಾಡಿಬಿಡುವುದು ಉತ್ತಮ. ‘ಅ’ ದ್ರಾವಣದ ಮೇಲೆ ವಾರಗಳಲ್ಲಿ ಬೂಷ್ಟಿನ ಪದರ ಕಟ್ಟುವುದು ಸಹಜ. ಕಾಫಿ ಸೋಸುವ ಕಾಗದದಲ್ಲಿ ಸೋಸಿ, ತಟ್ಟೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬಳಸಬಹುದು. ‘ಆ’ ದ್ರಾವಣಕ್ಕೆ ಬೂಷ್ಟು ಬರುವುದಿಲ್ಲ. ಎರಡನ್ನೂ ಕಂದು ಬಾಟಲಿಗಳಲ್ಲಿ ಬೇರೆ ಬೇರೆಯಾಗಿ ಇಡಬೇಕು, ಒಂದರ ಚಮಚ ಇನ್ನೊಂದಕ್ಕೆ ಹೋಗಬಾರದು, ಅಡುಗೆಮನೆಯ ಪಾತ್ರೆಗಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಫೆರಿಸಯನೈಡ್ ಇರುವ ದ್ರಾವಣಕ್ಕೆ ತೀಕ್ಷ್ಣ ಆಮ್ಲ ಬೆರೆಸುವುದಾಗಲೀ ಅದನ್ನು ಕುದಿಸುವುದಾಗಲೀ ವಿಷಾನಿಲಕ್ಕೆ ಕಾರಣವಾಗಬಹುದು. ಶೌಚಾಲಯ ತೊಳೆಯುವ ಆಮ್ಲ ಈ ಕೋಣೆಯ ಹತ್ತಿರವೂ ಇರದಿರಲಿ.

ಬಿಸಿಲಿನಲ್ಲಿಟ್ಟಾಗ

ಬೆಳಕಿಗೆ ಒಡ್ಡಿದ ಹಾಳೆ ಹಳದಿ ಹಸಿರಿನಿಂದ ನೀಲಿಗೆ, ನೀಲಿಯಿಂದ ಕೊನೆಗೆ ಬೂದಿಬಣ್ಣಕ್ಕೆ ಸಾಗುತ್ತದೆ. ಹೊಸಬರ ಸಾಮಾನ್ಯ ತಪ್ಪೆಂದರೆ ನೀಲಿ ಚೆಂದ ಕಂಡ ಕೂಡಲೇ ಹಾಳೆಯನ್ನು ಒಳಗೆ ತರುವುದು. ತೊಳೆಯುವಾಗ ಆ ನೀಲಿಯ ಬಹುಪಾಲು ಹೋಗುತ್ತದೆ. ತೆರೆದ ಮೂಲೆ ನೀಲಿಯನ್ನು ದಾಟಿ ಲೋಹದಂತೆ ಬೂದಿಯಾಗುವವರೆಗೆ ಕಾಯಬೇಕು; ಆ ಬೂದಿ ತೊಳೆದು ಒಣಗಿಸಿದ ಮೇಲೆ ಮತ್ತೆ ಕಡುನೀಲಿಯಾಗುತ್ತದೆ.

ಎಷ್ಟು ನಿಮಿಷ ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಜನವರಿಯ ನಿರಭ್ರ ನಡುಹಗಲಿನಲ್ಲಿ ನಮ್ಮ ಅಂಗಳದಲ್ಲಿ ಹತ್ತು ನಿಮಿಷಕ್ಕೆ ಆಗುವ ಕೆಲಸ ಅದೇ ದಿನ ಸಂಜೆ ನಾಲ್ಕಕ್ಕೆ ಅರ್ಧ ಗಂಟೆ ಬೇಡುತ್ತದೆ. ಆದ್ದರಿಂದ ಮೆಟ್ಟಿಲು ಪಟ್ಟಿ ಮಾಡಿಕೊಳ್ಳಬೇಕು. ಬಳಿದ ಕಾಗದದ ಉದ್ದ ಪಟ್ಟಿಯೊಂದನ್ನು ಬಿಸಿಲಿನಲ್ಲಿಟ್ಟು, ಎರಡೆರಡು ನಿಮಿಷಕ್ಕೊಮ್ಮೆ ರಟ್ಟನ್ನು ಎರಡು ಬೆರಳಗಲ ಮುಂದೆ ಸರಿಸುತ್ತ ಮುಚ್ಚುತ್ತ ಹೋಗಿ, ತೊಳೆದು ಒಣಗಿಸಿ ನೋಡಿ. ಯಾವ ಮೆಟ್ಟಿಲಿನ ನಂತರ ನೀಲಿ ಇನ್ನಷ್ಟು ಗಾಢವಾಗುವುದಿಲ್ಲವೋ ಅದೇ ಆ ದಿನದ, ಆ ಹೊತ್ತಿನ ಅವಧಿ. ಕೊನೆಯ ಮೆಟ್ಟಿಲೂ ಪೇಲವವಾಗಿದ್ದರೆ ಅವಧಿ ಹೆಚ್ಚಿಸುವ ಮೊದಲು ಪಟ್ಟಿ ಇಟ್ಟ ಜಾಗವನ್ನೊಮ್ಮೆ ನೋಡಿ.

ತೋಟದ ಬೆಳಕು ಕಣ್ಣನ್ನು ಮೋಸಗೊಳಿಸುತ್ತದೆ. ಸಿಲ್ವರ್ ಓಕ್, ಹಲಸು, ಬೀಟೆ ಮರಗಳ ಕೆಳಗೆ ಕಾಫಿ ಗಿಡಗಳ ನಡುವೆ ನಿಂತಾಗ ಬೆಳಕು ಧಾರಾಳವಾಗಿದೆ ಎನಿಸುತ್ತದೆ. ಎಲೆಗಳು ಅತಿನೇರಳೆ ಕಿರಣವನ್ನು ಹೀರಿಕೊಂಡಿರುತ್ತವೆ, ಉಳಿದದ್ದು ಹಸಿರು ಬೆಳಕು, ಅದರಿಂದ ಲೇಪನಕ್ಕೆ ಏನೂ ಆಗುವುದಿಲ್ಲ. ಮರ ಕಪಾತು ಮುಗಿದ ತೋಟದಲ್ಲೂ ನಾನು ಮುದ್ರಣ ಇಡುವುದಿಲ್ಲ. ಸರಿಯಾದ ಜಾಗ ಕಾಫಿ ಒಣಗಿಸುವ ಕಣ. ನಾಲ್ಕೂ ಕಡೆ ಆಕಾಶ ತೆರೆದಿರುತ್ತದೆ, ನೆಲ ಸಮತಟ್ಟಾಗಿರುತ್ತದೆ. ನಮ್ಮಲ್ಲಿ ಬಿಸಿಲು ಚೆನ್ನಾಗಿರುವ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ಕಣದ ತುಂಬ ಹಣ್ಣು ಹರಡಿರುತ್ತದೆ ಎಂಬುದೊಂದು ತೊಡಕು. ಒಂದು ಮೂಲೆಯಲ್ಲಿ ಎರಡು ಮೊಳ ಜಾಗ ಕೇಳಿ ಪಡೆದರೆ ಸಾಕಾಗುತ್ತದೆ.

ಕರಿಮೆಣಸು, ಕಾಫಿ ಒಣಗಿಸಲು ಪಾಲಿಕಾರ್ಬೊನೇಟ್ ಹಾಳೆ ಹೊದಿಸಿದ ಸೋಲಾರ್ ಡ್ರೈಯರ್ ಇರುವವರು ಮಳೆಯಿಂದ ರಕ್ಷಣೆಯಿದೆ ಎಂದು ಮುದ್ರಣವನ್ನು ಅದರೊಳಗೆ ಇಟ್ಟರೆ ದಿನವಿಡೀ ಇಟ್ಟರೂ ನೀಲಿ ಸರಿಯಾಗಿ ಬರುವುದಿಲ್ಲ. ಪಾಲಿಕಾರ್ಬೊನೇಟ್ ಬೆಳಕನ್ನು ಬಿಡುತ್ತದೆ, ಅತಿನೇರಳೆ ಕಿರಣವನ್ನು ತಡೆಯುತ್ತದೆ. ಫೋಟೋ ಚೌಕಟ್ಟುಗಳ ಕೆಲವು ವಿಶೇಷ ಗಾಜುಗಳೂ ಕಾರಿನ ಮುಂಗಾಜೂ ಹಾಗೆಯೇ. ಎಲೆಯ ಮೇಲೆ ಒತ್ತಲು ಸಾಮಾನ್ಯ ಕಿಟಕಿ ಗಾಜನ್ನೇ ಬಳಸಿ. ಗಾಜಿನ ಮೇಲೆ ಸಂದೇಹವಿದ್ದರೆ ಬಳಿದ ಪಟ್ಟಿಯ ಅರ್ಧದ ಮೇಲೆ ಗಾಜಿಟ್ಟು ಅರ್ಧವನ್ನು ತೆರೆದಿಟ್ಟು ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಇನ್ನು ಮಂಜು ಮತ್ತು ಮೋಡ. ತೆಳು ಮೋಡವಿದ್ದರೆ ಅವಧಿ ಎರಡು ಮೂರು ಪಟ್ಟು ಹೆಚ್ಚಿಸಿ ಕೆಲಸ ಸಾಧಿಸಬಹುದು; ಗಾಳಿಬೀಡು, ಭಾಗಮಂಡಲದ ಕಡೆಯ ಮಳೆಗಾಲದ ದಟ್ಟ ಮಂಜಿನಲ್ಲಿ ಹಾಳೆಗೆ ಬೆಳಕಿಗಿಂತ ಮೊದಲು ತೇವ ತಾಗುತ್ತದೆ, ಪ್ರಯತ್ನ ವ್ಯರ್ಥ. ಮೊದಲ ವರ್ಷ ಪೂರ್ತಿ ಬಿಳುಚಿಕೊಂಡ ನನ್ನ ಹಾಳೆಗಳೆಲ್ಲ ಅಂಥ ದಿನಗಳವು. ಮಡಿಕೇರಿಯಿಂದ ಸುಮಾರು ಮೂವತ್ತು ಕಿಲೋಮೀಟರ್ ಪೂರ್ವದ ಕುಶಾಲನಗರದಲ್ಲಿ ಮಳೆ ಎಷ್ಟೋ ಕಡಿಮೆ, ಮಳೆಗಾಲದಲ್ಲೂ ನಡುನಡುವೆ ಬಿಸಿಲು ಸಿಗುತ್ತದೆ. ಅಲ್ಲಿ ನೆಂಟರಿದ್ದವರು ಜುಲೈನ ಮುದ್ರಣಗಳನ್ನು ಅಲ್ಲಿಗೇ ಕೊಂಡೊಯ್ಯಬಹುದು. ಅತಿನೇರಳೆ ಎಲ್‌ಇಡಿ ದೀಪ ಬಳಸುವವರು ಕಣ್ಣಿಗೆ ನೇರವಾಗಿ ಬೀಳದಂತೆ ಪೆಟ್ಟಿಗೆಯೊಳಗೆ ಇಟ್ಟು ಬಳಸಬೇಕು. ಕ್ರಿಮಿನಾಶಕ್ಕೆಂದು ಮಾರುವ ಅತಿನೇರಳೆ ದೀಪಗಳನ್ನು ಮಾತ್ರ ಮುಟ್ಟಬಾರದು, ಅವು ಕಣ್ಣು, ಚರ್ಮಗಳನ್ನು ಸುಡುತ್ತವೆ.

ಕಕ್ಕಡ ತಿಂಗಳ ಹದಿನೆಂಟನೆಯ ದಿನ ಕೊಡಗಿನಲ್ಲಿ ಔಷಧವೆಂದು ತಿನ್ನುವ ಮದ್ದುಸೊಪ್ಪನ್ನು ಮುದ್ರಿಸಬೇಕೆಂಬ ಆಸೆ ನನಗೆ ಮೊದಲ ವರ್ಷದಿಂದಲೂ ಇತ್ತು. ಆಗಸ್ಟ್ ಮೊದಲ ವಾರದಲ್ಲಿ ಬರುವ ಆ ದಿನ ಬಿಸಿಲು ನಿರೀಕ್ಷಿಸುವಂತೆಯೇ ಇಲ್ಲ. ಈಗ ಅಂದು ಕಿತ್ತ ಎರಡು ಕಡ್ಡಿಗಳನ್ನು ಹಳೆಯ ದಿನಪತ್ರಿಕೆಗಳ ನಡುವೆ ಒತ್ತಿ, ಕಾಗದವನ್ನು ದಿನಕ್ಕೊಮ್ಮೆ ಬದಲಿಸುತ್ತ ಒಣಗಿಸಿಟ್ಟು, ಹುತ್ತರಿ ಸುಗ್ಗಿಹಬ್ಬ ಕಳೆದ ಮೇಲೆ ಮುದ್ರಿಸುತ್ತೇನೆ. ಒಣಗಿಸುವುದರಿಂದ ಇನ್ನೊಂದು ದೋಷವೂ ತಪ್ಪುತ್ತದೆ. ಹಸಿ ಎಲೆಯನ್ನು ಗಾಜಿನ ಕೆಳಗೆ ಬಿಸಿಲಿಗಿಟ್ಟರೆ ಅದು ಬೆವರುತ್ತದೆ. ಗಾಜಿನ ಒಳಮೈಯಲ್ಲಿ ಹನಿಗಟ್ಟಿ, ಎಲೆಯ ಸುತ್ತ ಲೇಪನ ಕರಗಿ ಅಂಚುಗಳಲ್ಲಿ ಹಬ್ಬಿದ ಕಲೆಗಳಾಗುತ್ತವೆ. ಎಲೆಯ ಅಂಚು ಮಸುಕಾಗಿದ್ದು ಕಲೆಯಿಲ್ಲದಿದ್ದರೆ ಕಾರಣ ಬೇರೆ: ಎಲೆ ಕಾಗದಕ್ಕೆ ಒತ್ತಿ ಕೂತಿಲ್ಲ. ಗಟ್ಟಿ ಹಲಗೆ, ಅದರ ಮೇಲೆ ಮಡಿಚಿದ ದಪ್ಪ ಬಟ್ಟೆ, ಹಾಳೆ, ಎಲೆ, ಗಾಜು ಈ ಕ್ರಮದಲ್ಲಿ ಇಟ್ಟು ನಾಲ್ಕು ಕಡೆ ಕ್ಲಿಪ್ ಹಾಕಿದರೆ ದಪ್ಪ ದಂಟೂ ಒತ್ತಿ ನಿಲ್ಲುತ್ತದೆ.

ನೀರಿನಲ್ಲಿ ಕಾಣುವ ದೋಷಗಳು

ಮೊದಲ ವರ್ಷ ನನ್ನನ್ನು ಹೆಚ್ಚು ಕಾಡಿದ್ದು ತಿಳಿನೀಲಿಯಾದ ಬಿಳಿ. ರಟ್ಟಿನಿಂದ ಮುಚ್ಚಿದ ಮೂಲೆಯೂ ನೀಲಿ, ದ್ರಾವಣ ತಾಗದ ಅಂಚೂ ತುಸು ನೀಲಿ. ಬಳಿದ ಹಾಳೆಯನ್ನು ಬಿಸಿಲಿಗೆ ಇಡದೆ ನೇರವಾಗಿ ತೊಳೆದು ನೋಡಿದೆ. ಟ್ರೇಗೆ ಇಳಿಯುವಾಗ ನಿಂಬೆಹಳದಿಯಾಗಿದ್ದ ಹಾಳೆ ಎರಡು ನಿಮಿಷದಲ್ಲಿ ನಸುನೀಲಿಯಾಯಿತು. ಕಾಗದ ಬದಲಿಸಿದರೂ ಅದೇ ಆಯಿತು.

ಸುಳಿವು ಕೊಟ್ಟವರು ನಮ್ಮ ಅತ್ತೆ. ಟ್ರೇ ತುಂಬಿಸುತ್ತಿದ್ದುದನ್ನು ನೋಡಿ, ‘ಆ ಬೋರಿನ ನೀರು ಯಾಕಮ್ಮಾ ತಗೊಳ್ತೀಯ? ಮಾವನ ಬಿಳಿ ಪಂಚೆ ಅದರಲ್ಲಿ ಒಗೆದರೆ ಕೆಂಪು ಕೂರುತ್ತೆ ಅಂತ ನಾನು ಬಾವಿ ನೀರೇ ತಗೊಳ್ಳೋದು’ ಎಂದರು. ಬೋರ್‌ವೆಲ್ ನೀರು ಮೇಲೆ ಬಂದಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ರಾತ್ರಿಯಿಟ್ಟರೆ ತಳದಲ್ಲಿ ಕೆಂಗಂದು ಗಷ್ಟು ನಿಲ್ಲುತ್ತದೆ ಎಂಬುದು ನನಗೂ ತಿಳಿದಿತ್ತು. ಅದು ಕರಗಿದ ಕಬ್ಬಿಣ, ಅದೂ ಫೆರಸ್ ರೂಪದ್ದು, ಎಂಬ ಕಡೆಗೆ ಮನಸ್ಸು ಹರಿದಿರಲಿಲ್ಲ. ಆಗಷ್ಟೇ ಎತ್ತಿದ ಬೋರ್ ನೀರನ್ನು ಬಿಳಿ ಬಟ್ಟಲಿನಲ್ಲಿ ತೆಗೆದುಕೊಂಡು ‘ಆ’ ದ್ರಾವಣದ ಒಂದು ಹನಿ ಬಿಟ್ಟೆ. ಹಳದಿ ಹನಿ ನೂಲಿನಂತೆ ಕೆಳಗಿಳಿಯಿತು, ನೂಲಿನ ಅಂಚು ಹಸಿರಾಯಿತು, ಒಂದು ನಿಮಿಷದೊಳಗೆ ಬಟ್ಟಲಿನ ತಳದಲ್ಲಿ ನೀಲಿ ಹೊಗೆಯಂತೆ ಹರಡಿತು. ಪಕ್ಕದ ಬಟ್ಟಲಿನಲ್ಲಿದ್ದ ಬಾವಿಯ ನೀರು ತಿಳಿಹಳದಿಯಾಗಿಯೇ ಉಳಿಯಿತು.

ಈ ಹನಿ ಪರೀಕ್ಷೆಯನ್ನು ಮುದ್ರಣ ಆರಂಭಿಸುವ ಪ್ರತಿಯೊಬ್ಬರೂ ಮೊದಲ ದಿನವೇ ಮಾಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನೀಲಿ ಕಂಡರೆ ಆ ನೀರಿನಲ್ಲಿ ಮೊದಲ ತೊಳೆತ ಬೇಡ. ತೆರೆದ ಬಾವಿಯ ನೀರು, ಒರತೆಯ ನೀರು ಅಥವಾ ಸೂರಿನಿಂದ ಹಿಡಿದು ಸೋಸಿದ ಮಳೆನೀರು ಬಳಸಿ. ಅವೂ ಇದೇ ಪರೀಕ್ಷೆ ದಾಟಬೇಕು. ತಗಡಿನ ಮಾಡಿಗೆ ತುಕ್ಕು ಹಿಡಿದಿದ್ದರೆ ಅದರಿಂದಿಳಿದ ನೀರು ಬೇಡ. ತುಕ್ಕು ಹಿಡಿದ ಬಕೆಟ್, ದಂತವರ್ಣದ ಪದರ ಕಿತ್ತ ಎನಾಮೆಲ್ ಟ್ರೇ, ಲೋಹದ ಪಟ್ಟಿಯಿರುವ ಬ್ರಷ್ ಇವುಗಳಿಂದ ಇಡೀ ಹಾಳೆ ನೀಲಿಯಾಗುವುದಿಲ್ಲ. ತಗುಲಿದ ಕಡೆಯಲ್ಲಿ ಚೂಪು ಕಡುನೀಲಿ ಚುಕ್ಕೆಗಳು ಬೀಳುತ್ತವೆ. ಚುಕ್ಕೆ ನೀಲಿಯಾಗಿದ್ದರೆ ಲೋಹ, ಬಿಳಿಯಾಗಿದ್ದರೆ ಬಳಿಯುವಾಗ ಉಳಿದ ಗುಳ್ಳೆ ಅಥವಾ ದೂಳು ಎಂದು ನೆನಪಿಟ್ಟುಕೊಂಡರೆ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ.

ನೀರಿನ ಎರಡನೆಯ ದೋಷ ಇದಕ್ಕೆ ತಿರುಗುಮುರುಗು. ಬಿಸಿಲಿನಲ್ಲಿ ಸರಿಯಾಗಿ ಬೂದಿಯಾಗಿದ್ದ ಹಾಳೆ ನೀರಿಗಿಳಿದ ಮೇಲೆ ಮೆಲ್ಲಗೆ ಮಾಸುತ್ತ ಹೋಗಿ, ನೀಲಿಯಿದ್ದ ಕಡೆ ಹಳದಿಗಂದು ನೆರಳು ಉಳಿದರೆ ಅದು ಕ್ಷಾರದ ಕೆಲಸ. ಬೆಳಕು ಕಡಿಮೆಯಾಗಿ ಬಿಳುಚಿದ ಹಾಳೆಗೂ ಇದಕ್ಕೂ ವ್ಯತ್ಯಾಸ ಕಾಣುವುದು ಇಲ್ಲೇ: ಬೆಳಕು ಸಾಲದ ಹಾಳೆಯ ಬಣ್ಣ ನೀರಿಗಿಳಿದ ಮೊದಲ ನಿಮಿಷದಲ್ಲೇ ಹರಿದುಹೋಗಿ ಕಾಗದ ಬಿಳಿಯಾಗುತ್ತದೆ, ಕ್ಷಾರ ನಿಧಾನವಾಗಿ ತಿನ್ನುತ್ತದೆ, ಹಳದಿ ಉಳಿಸುತ್ತದೆ.

ಕೊಡಗಿನ ಮಣ್ಣು ಹುಳಿ ಮಣ್ಣು, ತೋಟಕ್ಕೆ ಸುಣ್ಣ ಹಾಕುವುದೇ ಆ ಕಾರಣಕ್ಕೆ. ನಮ್ಮ ಬಾವಿಗಳಲ್ಲಿ ಕ್ಷಾರ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೆ ಹೊಸದಾಗಿ ಕಟ್ಟಿದ ಸಿಮೆಂಟ್ ತೊಟ್ಟಿಯ ನೀರು ಕ್ಷಾರವಾಗಿರುತ್ತದೆ, ಬಟ್ಟೆ ಸೋಡಾ ಹಾಕಿದ್ದ ಬಕೆಟ್ಟಿನಲ್ಲಿ ಕ್ಷಾರ ಉಳಿದಿರುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಅರಿಶಿನದ್ದು. ಬಿಳಿ ಕಾಗದಕ್ಕೆ ಅರಿಶಿನ ಕದಡಿದ ನೀರು ಸವರಿ ಒಣಗಿಸಿ, ಅದರ ಮೇಲೆ ಟ್ರೇಯ ನೀರಿನ ಹನಿ ಬಿಡಿ. ಸೀರೆಗೆ ಹತ್ತಿದ ಅರಿಶಿನಕ್ಕೆ ಸಾಬೂನು ತಾಗಿದಾಗ ಆಗುವಂತೆ ಕೆಂಪಾದರೆ ನೀರಿನಲ್ಲಿ ಕ್ಷಾರವಿರುವುದು ಖಚಿತ. ಕೆಂಪಾಗದಿದ್ದರೆ ಕ್ಷಾರವೇ ಇಲ್ಲವೆಂದು ತೀರ್ಮಾನಿಸಬಾರದು. ಅಲ್ಪ ಕ್ಷಾರವನ್ನು ಅರಿಶಿನ ತೋರಿಸುವುದಿಲ್ಲ, ಅದಕ್ಕೆ ಆಮ್ಲ, ಕ್ಷಾರದ ಮಟ್ಟ ತೋರಿಸುವ ಪಿಎಚ್ ಪಟ್ಟಿಯೇ ಬೇಕು.

ಕ್ಷಾರ ನೀರಿನಿಂದಲ್ಲದೆ ಕಾಗದದಿಂದಲೂ ಬರುತ್ತದೆ. ಹಾಳೆ ಹಳದಿಯಾಗದೆ ಬಹಳ ಕಾಲ ಉಳಿಯಲೆಂದು ಎಷ್ಟೋ ಚಿತ್ರಕಲಾ ಕಾಗದಗಳಿಗೂ ಜೆರಾಕ್ಸ್ ಕಾಗದಕ್ಕೂ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಹಾಳೆಯ ಮೂಲೆಗೆ ಬಿಳಿ ವಿನೆಗರಿನ ಹನಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಸಣ್ಣ ಗುಳ್ಳೆಗಳೆದ್ದರೆ ಆ ಕಾಗದದಲ್ಲಿ ಸುಣ್ಣದಂಶವಿದೆ. ಅಂಥ ಕಾಗದವನ್ನು ಬಿಸಾಡಬೇಕಿಲ್ಲ. ಲೀಟರ್ ನೀರಿಗೆ 10 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಗುಳ್ಳೆ ನಿಲ್ಲುವವರೆಗೆ ಕಾಗದವನ್ನು ಅದರಲ್ಲಿ ನೆನೆಸಿ, ತೊಳೆದು, ಒಣಗಿಸಿ, ಆಮೇಲೆ ದ್ರಾವಣ ಬಳಿದರೆ ಬಹುತೇಕ ಕಾಗದಗಳು ಸರಿಹೋಗುತ್ತವೆ. ಮೊದಲ ತೊಳೆತದ ನೀರಿಗೂ ಲೀಟರಿಗೆ ಎರಡು ಚಮಚ ಬಿಳಿ ವಿನೆಗರ್ ಸೇರಿಸಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ಹುಳಿ ಎಂದರೆ ಕೈ ಹೋಗುವುದು ಕಾಚಂಪುಳಿಯ ಬಾಟಲಿಗೆ. ಅದು ಹಂದಿಕರಿಗೆ ಎಷ್ಟು ಒಪ್ಪುತ್ತದೋ ಈ ಕೆಲಸಕ್ಕೆ ಅಷ್ಟೇ ಒಗ್ಗದು. ಅದರ ಕಡುಗಂದು ಬಣ್ಣ ಕಾಗದದ ನಾರಿಗೆ ಹತ್ತಿದರೆ ಬಿಡುವುದಿಲ್ಲ.

ಮೂರನೆಯದು ಸರಳ ದೋಷ. ಒಣಗಿದ ಹಾಳೆಯ ಬಿಳಿಯಲ್ಲಿ ಹಳದಿಛಾಯೆ ಉಳಿದು, ಕೆಲವು ದಿನಗಳಲ್ಲಿ ಅದು ನೀಲಿಗೆ ತಿರುಗಿದರೆ ತೊಳೆದದ್ದು ಸಾಲದು. ನೀರಿನಲ್ಲಿ ಹಳದಿ ಕಾಣದಂತಾಗುವವರೆಗೆ ನೀರು ಬದಲಿಸುತ್ತ, ದಪ್ಪ ಕಾಗದವಾದರೆ ಇಪ್ಪತ್ತು ನಿಮಿಷವಾದರೂ ತೊಳೆಯಬೇಕು. ಮೊದಲ ತೊಳೆತದ ನೀರನ್ನು ತೋಡಿಗೆ ಬಿಡಬೇಡಿ. ನಮ್ಮ ತೋಡುಗಳೆಲ್ಲ ಕೊನೆಗೆ ಸೇರುವುದು ಕಾವೇರಿಯನ್ನೋ ಪಶ್ಚಿಮಕ್ಕೆ ಹರಿಯುವ ಹೊಳೆಗಳನ್ನೋ. ನಾನು ಆ ನೀರನ್ನು ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿಲಿಗಿಟ್ಟು ಆರಿಸಿ, ಉಳಿದ ಪುಡಿಯನ್ನು ಡಬ್ಬಿಯಲ್ಲಿ ಕೂಡಿಡುತ್ತೇನೆ.

ಒಣಗಿದ ಮೇಲೆ

ತೊಳೆದ ಕೂಡಲೇ ನೀಲಿ ಪೇಲವವೆನಿಸಿದರೆ ಗಾಬರಿ ಬೇಡ. ಬೂದಿಯಾಗಿದ್ದ ಭಾಗಗಳು ಗಾಳಿಯ ಆಮ್ಲಜನಕದಿಂದ ಒಂದು ದಿನದಲ್ಲಿ ತಾವಾಗಿ ಗಾಢವಾಗುತ್ತವೆ. ದೋಷವಿದೆಯೋ ಇಲ್ಲವೋ ಎಂದು ಕೂಡಲೇ ತಿಳಿಯಬೇಕಾದರೆ ಔಷಧದ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡನ್ನು ಲೀಟರ್ ನೀರಿಗೆ ಒಂದೆರಡು ಚಮಚ ಬೆರೆಸಿ ಹಾಳೆಯನ್ನು ಅರ್ಧ ನಿಮಿಷ ಅದ್ದಿ. ನೀಲಿ ಕಣ್ಣೆದುರೇ ಗಾಢವಾದರೆ ಹಾಳೆ ಸರಿಯಿದೆ. ಬದಲಾಗದಿದ್ದರೆ ದೋಷ ನಿಜವಾದದ್ದು, ಮೆಟ್ಟಿಲು ಪಟ್ಟಿಗೆ ಮರಳಬೇಕು.

ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ನೀಲಿಯನ್ನು ಕಪ್ಪಿನತ್ತ ತಿರುಗಿಸುವವರು ಬಿಳಿ ಭಾಗ ಕಂದಾಯಿತೆಂದು ದೂರುವುದುಂಟು. ಅದು ಕಾಫಿ ಕಾಗದಕ್ಕೆ ಹತ್ತುವುದರಿಂದ ಆಗುವಂಥದ್ದು. ಹೊತ್ತು ಕಡಿಮೆ ಮಾಡಬಹುದೇ ಹೊರತು ಪೂರ್ತಿ ತಪ್ಪಿಸಲಾಗದು.

ಗೋಡೆಗೆ ತೂಗಿದ ಮುದ್ರಣ ತಿಂಗಳುಗಳಲ್ಲಿ ಮಾಸಿದರೆ ಎರಡು ಕಾರಣಗಳಲ್ಲಿ ಯಾವುದೆಂದು ನೋಡಬೇಕು. ಬೆಳಕಿನಿಂದ ಮಾಸಿದ ನೀಲಿ ಎಲ್ಲ ಕಡೆ ಸಮನಾಗಿ ತಿಳಿಯಾಗುತ್ತದೆ, ಹಳದಿಯಾಗುವುದಿಲ್ಲ. ಅಂಥ ಮುದ್ರಣವನ್ನು ಚೌಕಟ್ಟಿನಿಂದ ಬಿಡಿಸಿ, ಗಾಳಿಯಾಡುವ ಒಣ ಬೀರುವಿನ ಕತ್ತಲಲ್ಲಿ ಕೆಲವು ದಿನ ಇಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ನಮ್ಮ ಜಗಲಿಯಲ್ಲಿದ್ದ ತೆರ್ಮೆ ಸೊಪ್ಪಿನ ಮುದ್ರಣವೊಂದನ್ನು ನಾನು ಹಾಗೆ ಎರಡು ಬಾರಿ ಮರಳಿ ಪಡೆದಿದ್ದೇನೆ. ಅಂಚಿನಿಂದ ಒಳಕ್ಕೆ, ಅಥವಾ ಹಿಂಬದಿಯ ರಟ್ಟು ತಾಗಿದ ಕಡೆಯಲ್ಲಷ್ಟೇ, ಹಳದಿಗಂದಾಗಿ ಮಾಸಿದ್ದರೆ ಅದು ಕ್ಷಾರ: ಸುಣ್ಣದಂಶದ ರಟ್ಟು ಅಥವಾ ಸುಣ್ಣ ಬಳಿದ ಒದ್ದೆ ಗೋಡೆಯ ಪಸೆ. ಉಳಿದ ನೀಲಿಯನ್ನು ಕಾಪಾಡಲು ರಟ್ಟನ್ನು ಬದಲಿಸಿ, ಚೌಕಟ್ಟನ್ನು ಒಳಗೋಡೆಗೆ ಸ್ಥಳಾಂತರಿಸಬಹುದು. ಹಳದಿಯಾದ ಭಾಗ ಮಾತ್ರ ಕತ್ತಲಲ್ಲಿ ಎಷ್ಟು ದಿನ ಇಟ್ಟರೂ ಮರಳುವುದಿಲ್ಲ. ಆ ಎಲೆಯನ್ನು ಮತ್ತೊಮ್ಮೆ ಮುದ್ರಿಸಬೇಕಾಗುತ್ತದೆ.